ಜಗಳವಿಲ್ಲದ ಒಂದು ಪದ

ಕಮಲಾಪುರ
12 ಆಗಸ್ಟ್ 2024

ಅಂಜನಾ,

'ಪ್ರೀತಿಯ' ಎಂದು ಶುರು ಮಾಡುವ ಚಾಳಿ ಕೈಗೆ ಇನ್ನೂ ಇದೆ. ಈ ಸಲ ತಡೆದುಕೊಂಡೆ. ನೀನು ನನ್ನ ನಂಬರನ್ನು ಬ್ಲಾಕ್ ಮಾಡಿ ಕೂತಿದ್ದೀ. ಕಚೇರಿಯ ಮೇಲ್‌ಗೆ ಬರೆದರೆ ಒಂದು ಪ್ರತಿ ಸಾಹುಕಾರರಿಗೆ ಹೋಗುತ್ತದೆ. ಉಳಿದದ್ದು ಈ ಕಾಗದ, ಮತ್ತು ದಿನಾ ಇಲ್ಲಿಂದ ಬಾಳೆಹಣ್ಣು ಹೊತ್ತು ಕಲಬುರಗಿಗೆ ಬರುವ ದೌಲಪ್ಪನ ಟೆಂಪೊ. ಲಕೋಟೆಯ ಮೇಲೆ ಬಾಳೆಯ ಕಲೆ ಕಂಡರೆ ನಿನ್ನ ಗುಣಮಟ್ಟಕ್ಕೆ ಧಕ್ಕೆ ಬಂತೆಂದು ಅಳುತ್ತ ಕೂರಬೇಡ.

ಸಾಹುಕಾರ ದೇವೀಂದ್ರಪ್ಪನವರ ಸುತ್ತೋಲೆ ನಿನಗೂ ಮುಟ್ಟಿರಬೇಕು. ಶಹರದ ತೊಗರಿ ಮಿಲ್ಲಿಗೆ ನೀನು ಕಟ್ಟಿದ ಗುಣಮಟ್ಟದ ವ್ಯವಸ್ಥೆ ಒಂದು, ಕಮಲಾಪುರದ ಬಾಳೆ ಮಾಗಿಸುವ ಘಟಕಕ್ಕೆ ನಾನು ಕಟ್ಟಿದ ಸುರಕ್ಷತೆಯ ವ್ಯವಸ್ಥೆ ಇನ್ನೊಂದು. ಎರಡನ್ನೂ ಕೂಡಿಸಿ ಒಂದೇ ಮಾಡಬೇಕಂತೆ. ಮಾಲು ಕೊಳ್ಳುವ ದುಬೈ ವ್ಯಾಪಾರಿಗೆ ಒಂದೇ ಪ್ರಮಾಣಪತ್ರ ಬೇಕಂತೆ. ವ್ಯವಸ್ಥೆ ಒಂದಾದ ಮೇಲೆ ಅದನ್ನು ನೋಡಿಕೊಳ್ಳುವ ಅಧಿಕಾರಿಯೂ ಒಬ್ಬರೇ.

ಇದನ್ನೆಲ್ಲ ತಿಳಿಸಿಕೊಡಲು ಹೈದರಾಬಾದಿನಿಂದ ಸಾಯಿಕುಮಾರ ಎಂಬ ಸಲಹೆಗಾರ ಬಂದಿದ್ದ. ಪರದೆಯ ಮೇಲೆ ಎರಡು ದುಂಡು ಬಿಡಿಸಿದ. ಒಂದನ್ನು ಇನ್ನೊಂದರ ಮೇಲೆ ಸರಿಸಿದ. ಆಮೇಲೆ ನಮ್ಮ ಕಡೆ ತಿರುಗಿ ಚಪ್ಪಾಳೆಗೆ ಕಾದ. ಸಾಹುಕಾರರು ತಟ್ಟಿದರು. ಇಷ್ಟು ವಿದ್ಯೆಗೆ ಹೈದರಾಬಾದಿನಿಂದ ಬರಬೇಕಿತ್ತೆ? ನಮ್ಮ ಹೋಟೆಲಿನವ ಎರಡು ರೊಟ್ಟಿಯನ್ನು ಒಂದರ ಮೇಲೊಂದು ಇಟ್ಟು ದಿನಾ ಕೊಡುತ್ತಾನೆ.

ಬೇರೆಯವರ ಬಾಯಿಂದ ನಿನ್ನ ಕಿವಿಗೆ ಬೀಳುವ ಮೊದಲು ನಾನೇ ಹೇಳಿಬಿಡುತ್ತೇನೆ: ಆ ಹುದ್ದೆ ನನಗೆ ಬೇಕು. ಯಾಕೆಂದು ನಿನಗೆ ಗೊತ್ತು. ನನ್ನ ಅವ್ವ ಶೇವಂತಾ ನಿನ್ನ ಮಿಲ್ಲಿನ ಕಾಳು ತುಂಬುವ ಕಬ್ಬಿಣದ ಟಾಕಿಗಳ ಒಳಗೆ ಇಳಿದು ತೊಗರಿಯ ಧೂಳು ಗುಡಿಸುತ್ತಾಳೆ, ಮನೆಗೆ ಬಂದು ಕೆಮ್ಮುತ್ತಾಳೆ. ಕೆಲಸ ಬಿಡು ಎಂದರೆ ನನ್ನ ಈಗಿನ ಸಂಬಳ ನೆನೆಸಿಕೊಂಡು ನಗುತ್ತಾಳೆ. ಆ ಹುದ್ದೆ ಸಿಕ್ಕ ದಿನವೇ ಆಕೆಯನ್ನು ಟಾಕಿಯಿಂದ ಬಿಡಿಸುತ್ತೇನೆ. ಹೋದ ವರ್ಷ ನಾನು ಎಲ್ಲರೆದುರು ನಿನ್ನ ಮಿಲ್ಲಿನ ಧೂಳಿನ ಮಾತೆತ್ತಿದೆನೆಂದು ನೀನು ನನ್ನ ಜೊತೆ ಮಾತು ಬಿಟ್ಟೆ. ಬಿಡು. ಧೂಳು ಹಾಗೇ ಇದೆ.

ಒಂದು ಕಾಲದ ಗೆಳತಿ,
ಕಾವೇರಿ


ಕಲಬುರಗಿ
19 ಆಗಸ್ಟ್ 2024

ಕಾವೇರಿ,

ನಿನ್ನ ಲಕೋಟೆಯನ್ನು ಮೇಜಿನ ಮೇಲಿಟ್ಟ ಗಳಿಗೆಯಲ್ಲೇ ನೊಣ ಮುತ್ತಿದವು. ಅವು ನಿನ್ನ ಕಾಗದವನ್ನು ನನಗಿಂತ ಆಸೆಯಿಂದ ಓದಿದವು.

ಹುದ್ದೆ ಬೇಕು ಎಂದೆ. ಬೇಕಾಗಲಿ. ನಾಲ್ಕು ಕೋಣೆಯಲ್ಲಿ ಬಾಳೆಹಣ್ಣು ಮಾಗಿಸುವ ಜಾಗಕ್ಕೆ ಗೋಡೆ ತುಂಬ ಬೋರ್ಡ್ ಬಡಿದು, ಮುಟ್ಟಬೇಡಿ, ಇಣುಕಬೇಡಿ, ನಿಲ್ಲಬೇಡಿ ಎಂದು ಬರೆಸಿ ಅದಕ್ಕೆ ವ್ಯವಸ್ಥೆ ಎಂದು ಹೆಸರಿಟ್ಟವಳು ನೀನು. ನಾನು ಒಮ್ಮೆ ಅಲ್ಲಿಗೆ ಬಂದಾಗ ಉಸಿರಾಡಬಹುದೋ ಇಲ್ಲವೋ ಎಂದು ಬೋರ್ಡ್ ಹುಡುಕಿದ್ದೆ. ನೀನು ಕೆಲಸಗಾರರನ್ನು ಕಾಪಾಡುವುದಿಲ್ಲ, ಹೆದರಿಸುತ್ತೀ. ಇಡೀ ಮಿಲ್ಲನ್ನು ನಿನ್ನ ಕೈಗೆ ಕೊಟ್ಟರೆ ತೊಗರಿಯೂ ಹೆದರಿ ಬೇಯುವುದಿಲ್ಲ.

ನಿನಗೊಬ್ಬಳಿಗೇ ಕಾರಣ ಇದೆ ಎಂದುಕೊಂಡಿದ್ದೀಯಾ? ನಮ್ಮ ಮನೆಯಲ್ಲಿ ಅಪ್ಪ, ಅಣ್ಣ ಎಲ್ಲರೂ ನನ್ನ ನೌಕರಿಯನ್ನು ಮದುವೆಯಾಗುವ ತನಕದ ಕಾಲಕ್ಷೇಪ ಎಂದು ತಿಳಿದಿದ್ದಾರೆ. ಆ ಹುದ್ದೆ ಸಿಕ್ಕರೆ ಅವರ ಬಾಯಿ ಮುಚ್ಚುತ್ತದೆ. ಇನ್ನು ಧೂಳಿನ ಮಾತು. ಸಭೆಯಲ್ಲಿ ನನ್ನ ಮಾನ ತೆಗೆಯುವ ಮೊದಲು ನನ್ನನ್ನೇ ಪಕ್ಕಕ್ಕೆ ಕರೆದು ಹೇಳಬಹುದಿತ್ತು. ಶರಣಬಸವೇಶ್ವರ ಗುಡಿಯ ಹತ್ತಿರದ ಕಾಲೇಜಿನಲ್ಲಿ ಮೂರು ವರ್ಷ ಒಂದೇ ಬೆಂಚಿನ ಮೇಲೆ ಕೂತವರು ನಾವು. ನೀನು ಹೇಳಲಿಲ್ಲ. ನಿನಗೆ ಧೂಳು ಹೋಗುವುದಕ್ಕಿಂತ ಜನ ನೋಡುವುದು ಮುಖ್ಯವಾಗಿತ್ತು.

ಅಂದ ಹಾಗೆ, ಶೇವಂತಾ ನಾವು ಕೊಟ್ಟ ಮಾಸ್ಕ್ ಹಾಕುವುದಿಲ್ಲ. ಅದರಲ್ಲಿ ಎಲೆ ಅಡಿಕೆ ಕಟ್ಟಿಟ್ಟುಕೊಳ್ಳುತ್ತಾಳೆ. ಸುರಕ್ಷತಾ ಅಧಿಕಾರಿಯ ತಾಯಿ!

ಅಂಜನಾ


ಕಮಲಾಪುರ
8 ಅಕ್ಟೋಬರ್ 2024

ಅಂಜನಾ,

ನಿನ್ನೆಯ ಸಭೆಯ ಬಗ್ಗೆ ಬರೆಯದೆ ಊಟ ಇಳಿಯುವುದಿಲ್ಲ.

ಏನಾದರೂ ಕೆಟ್ಟದ್ದು ನಡೆದರೆ ಅದಕ್ಕೆ ಎರಡೂ ಕಡೆ ಒಂದೇ ಹೆಸರಿರಬೇಕು ಎಂದ ಆ ಸಾಯಿಕುಮಾರ. ನಾನು 'ಅಪಾಯ' ಎಂದೆ. ನೀನು 'ದೋಷ' ಎಂದು ಹಟ ಹಿಡಿದೆ. ಕಾಳಿನಲ್ಲಿ ಕಲ್ಲು ಸಿಕ್ಕರೂ ದೋಷ, ಕಾಳಿನಲ್ಲಿ ಮನುಷ್ಯನ ಬೆರಳು ಸಿಕ್ಕರೂ ದೋಷ! ಎಂಥ ಭಾಷೆ ನಿನ್ನದು. ಆಮೇಲೆ ಬೋರ್ಡಿನ ಬಣ್ಣಕ್ಕೆ ಜಗಳ. ಆಮೇಲೆ ಯಾರ ಸಹಿ ಮೇಲೆ, ಯಾರದು ಕೆಳಗೆ ಎಂಬುದಕ್ಕೆ ಜಗಳ. ಊಟ ತಣ್ಣಗಾಯಿತು. ಕೊನೆಗೆ ಸಾಹುಕಾರರು ತಲೆ ಒತ್ತಿಕೊಂಡು ಏನೆಂದರು, ನೆನಪಿದೆಯಾ?

"ಏನ್ರವ್ವಾ, ಇಬ್ರೂ ಕೂಡಿ ನನ್ನ ತಲಿ ತಿನ್ನಾಕತ್ತೀರಿ. ನಮ್ಮ ಮನ್ಯಾಗಿನ ಸೊಸ್ತೇರ ಜಗಳ ಇದರಕಿಂತ ಛಲೋ ಅದ. ಅವರು ಉಣ್ಣಾಕರ ನೀಡ್ತಾರ."

ನಾನು ಕೆಳಗೆ ನೋಡಿ ನಗು ನುಂಗಿದೆ. ನೀನೂ ನುಂಗಿದ್ದನ್ನು ಕಂಡೆ. ಹಿಂದಾಗಿದ್ದರೆ ಹೊರಗೆ ಬಂದು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ಆಮೇಲೆ ಬಂತಲ್ಲ ಬೋರ್ಡುಗಳ ಪಟ್ಟಿ. ಎಲ್ಲ ಪದಕ್ಕೂ ನಾವಿಬ್ಬರೂ ಕತ್ತಿ ಹಿರಿದೆವು. 'ಖಾಲಿ' ಎಂಬ ಹಳದಿ ಬೋರ್ಡ್ ಮಾತ್ರ ಎರಡೂ ಕಡೆ ಮೊದಲಿಂದಲೂ ಇತ್ತು. ಸಾಯಿಕುಮಾರನಿಗೆ ನಿಧಿ ಸಿಕ್ಕಷ್ಟು ಖುಷಿ. "ದೇಖೋ ಮೇಡಮ್, ಯಹಾಂ ಭೀ ಖಾಲಿ, ವಹಾಂ ಭೀ ಖಾಲಿ! ಏಕ್ ಹೋಗಯಾ ನಾ!" ಇಲ್ಲೂ ಖಾಲಿ, ಅಲ್ಲೂ ಖಾಲಿ, ಒಂದಾಯಿತಲ್ಲ ಎಂದು ಕೈ ಉಜ್ಜಿಕೊಂಡ. ಇಡೀ ದಿನದಲ್ಲಿ ನೀನೂ ನಾನೂ ಒಟ್ಟಿಗೆ ತಲೆಯಾಡಿಸಿದ್ದು ಅದೊಂದಕ್ಕೆ. ನಿನ್ನ ಜೊತೆ ಒಪ್ಪಿದೆನಲ್ಲ ಎಂದು ನನಗೇ ನಾಚಿಕೆಯಾಯಿತು.

ಹುದ್ದೆಯನ್ನು ಜನವರಿಯ ತಪಾಸಣೆ ಮುಗಿದ ಮೇಲೆ ಕೊಡುತ್ತಾರಂತೆ. ಅಲ್ಲಿಯ ತನಕ ನಿನ್ನ ಮುಖ ನೋಡುವ ಕರ್ಮ ತಪ್ಪಲಿಲ್ಲ.

ಕಾವೇರಿ


ಕಲಬುರಗಿ
16 ಡಿಸೆಂಬರ್ 2024

ಕಾವೇರಿ,

ಕೆಲಸದ ಮಾತಷ್ಟೇ ಬರೆಯುತ್ತೇನೆ, ಹೆಚ್ಚಿಗೆ ನಿರೀಕ್ಷಿಸಬೇಡ.

ಎರಡೂ ಕಡೆಯ ಕೆಲಸಗಾರರನ್ನು ಅದಲು ಬದಲು ಮಾಡಿ ತೋರಿಸಬೇಕಂತೆ. ಆಗ ತಪಾಸಣೆಗೆ ಬರುವವರಿಗೆ ವ್ಯವಸ್ಥೆ ನಿಜವಾಗಿ ಒಂದಾಗಿದೆ ಎಂದು ನಂಬಿಕೆ ಬರುತ್ತದಂತೆ. ನಿನ್ನ ಕಡೆಯಿಂದ ಒಬ್ಬನನ್ನು ಕಳಿಸು. ಬೋರ್ಡ್ ಓದಲು ಬರುವವನಾಗಿರಲಿ, ಅಂಥವರು ಕಮಲಾಪುರದಲ್ಲಿ ಇದ್ದರೆ.

ಇನ್ನೊಂದು. ಟಾಕಿಗೆ ತೊಗರಿ ಬಿಡುವ ಮೊದಲು ನಮ್ಮವರು "ಯಾರದೀರಿ ಒಳಗ?" ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದರು. ಸಾಯಿಕುಮಾರ ಅದನ್ನು ಕೇಳಿ ಮುಖ ಕಿವುಚಿದ. ಬೋರ್ಡ್ ಇರುವಲ್ಲಿ ಕೂಗಾಟ ಯಾಕೆ, ನೋಡಿದವರು ಸಂತೆ ಎಂದುಕೊಳ್ಳುತ್ತಾರೆ ಎಂದ. ನಿಲ್ಲಿಸಿದ್ದೇನೆ. ನಿನ್ನ ಬೋರ್ಡಿನ ಹುಚ್ಚು ಕೊನೆಗೂ ನನ್ನ ಮಿಲ್ಲಿಗೆ ಹತ್ತಿತು. ಸಂತೋಷ ಪಡು.

ಅಂಜನಾ


ಕಮಲಾಪುರ
20 ಡಿಸೆಂಬರ್ 2024

ಅಂಜನಾ,

ಸೊಹೇಲ್‌ನನ್ನು ಕಳಿಸುತ್ತಿದ್ದೇನೆ. ಕಲಬುರಗಿಯ ಮೋಮಿನಪುರದವನು, ಎರಡು ಹೆಣ್ಣುಮಕ್ಕಳ ತಂದೆ. ಇಷ್ಟು ವರ್ಷ ಅಲ್ಲಿಂದ ಇಲ್ಲಿಗೆ ಬಸ್ಸಿನಲ್ಲಿ ಜೋತಾಡುತ್ತ ಬರುತ್ತಿದ್ದ. ಮನೆ ಹತ್ತಿರವಾಯಿತೆಂದು ಖುಷಿಯಾಗಿದ್ದಾನೆ.

ಅವನು ನಿನ್ನ ಜನರ ಹಾಗಲ್ಲ. ಬೋರ್ಡ್ ಏನು ಹೇಳುತ್ತದೋ ಅದನ್ನು ಮಾಡುತ್ತಾನೆ, ಸುಮ್ಮನೆ ಅವರಿವರನ್ನು ಕೇಳುತ್ತ ನಿಲ್ಲುವುದಿಲ್ಲ. ಹಾಗೆ ತಯಾರು ಮಾಡಿದವಳು ನಾನು. ನೋಡಿ ಕಲಿತುಕೊ.

ಕಾವೇರಿ


ಕಲಬುರಗಿ
24 ಜನವರಿ 2025

ಕಾವೇರಿ,

ಆಸ್ಪತ್ರೆಯಲ್ಲಿ ನೀನು ಬಾಗಿಲಿಗೆ ಅಡ್ಡ ನಿಂತೆ. "ನಿನ್ನ ಮಾರಿ ತೋರಿಸಬ್ಯಾಡ, ಹೋಗು" ಅಂದೆ. ಹೋದೆ. ಆದರೆ ಅವತ್ತು ಮಿಲ್ಲಿನಲ್ಲಿದ್ದವಳು ನಾನು. ನಡೆದದ್ದನ್ನು ನೀನು ನನ್ನಿಂದ ಕೇಳಬೇಕು, ಸಾಹುಕಾರರಿಂದಲ್ಲ.

ಹೊಸ ತೊಗರಿಯ ಲಾರಿಗಳು ಬಂದು ನಿಂತಿದ್ದವು. ಮೂರನೆಯ ಟಾಕಿಯನ್ನು ಬರಿದು ಮಾಡಿ, ನಮ್ಮವರು ಅದರ ಬಾಗಿಲಿಗೆ 'ಖಾಲಿ' ಬೋರ್ಡ್ ತೂಗುಹಾಕಿದರು. ನಮ್ಮ ಮಿಲ್ಲಿನಲ್ಲಿ ಖಾಲಿ ಎಂದರೆ ಒಳಗೆ ಕಾಳು ಇಲ್ಲ, ಇಳಿದು ಗುಡಿಸಬಹುದು ಎಂದು ಅರ್ಥ. ನಿನ್ನ ತಾಯಿ ಇಳಿದರು. ಸ್ವಲ್ಪ ಹೊತ್ತಿಗೆ ಸೊಹೇಲ್ ಬಂದ, ಬೋರ್ಡ್ ಓದಿದ, ಸ್ವಿಚ್ ಹಾಕಿದ. ಮೇಲಿಂದ ತೊಗರಿ ಸುರಿಯತೊಡಗಿತು.

ಯಂತ್ರದ ಗದ್ದಲದಲ್ಲಿ ಯಾರಿಗೂ ಏನೂ ಕೇಳಿಸಲಿಲ್ಲ. ನಾನು ಆ ಟಾಕಿಯ ಪಕ್ಕದಲ್ಲೇ ಹಾದು ಹೋಗುತ್ತಿದ್ದೆ. ತಗಡಿಗೆ ಒಳಗಿನಿಂದ ಏನೋ ಬಡಿದ ಹಾಗಾಯಿತು. ಓಡಿಹೋಗಿ ಸ್ವಿಚ್ ತೆಗೆದೆ. ಬಾಗಿಲಲ್ಲಿ ಇಣುಕಿದರೆ ಕಾಳಿನ ಮೇಲೆ ಮುಖ ಮತ್ತು ಒಂದು ಕೈ ಮಾತ್ರ ಕಾಣುತ್ತಿತ್ತು. ಕೆಳಗಿನ ಕಿಂಡಿ ತೆಗೆಸಿದೆ. ಕಾಳು ಇಳಿಯುವ ತನಕ ಬಾಗಿಲಿಂದ ಜೋತು ಬಿದ್ದು ಅವರ ಬಾಯಿಯ ಸುತ್ತ ಕೈಯಿಂದ ಬಾಚುತ್ತಲೇ ಇದ್ದೆ. ನಿನ್ನಿಂದ ಉಪಕಾರದ ಮಾತು ಕೇಳಲು ಇದನ್ನು ಬರೆಯುತ್ತಿಲ್ಲ. ಅವರು ಒಳಗೆ ಏನು ಅನುಭವಿಸಿದರು ಎಂಬುದು ಮಗಳಿಗೆ ತಿಳಿದಿರಬೇಕು.

ಸೊಹೇಲ್‌ನ ಅಂಗಿ ಹಿಡಿದು ಸ್ವಿಚ್ ಯಾಕೆ ಹಾಕಿದೆ ಎಂದು ಕೇಳಿದೆ. "ಖಾಲಿ ಅಂತ ಬೋರ್ಡ್ ಇತ್ತಲ್ರಿ ಮೇಡಮ್ಮೋರೆ. ಖಾಲಿ ಅಂದ್ರ ಒಳಗ ಮಂದಿ ಯಾರೂ ಇಲ್ಲ ಅಂತ ಅಲ್ಲೇನ್ರಿ? ಕಮಲಾಪುರದಾಗ ಹಂಗೇ ಅದರಿ. ಖಾಲಿ ಅಂತ ಹಾಕಿದ ಮ್ಯಾಲೇ ಬಾಗಿಲಾ ಮುಚ್ಚಿ ಹಣ್ಣು ಮಾಗಸೋ ಗ್ಯಾಸ್ ಬಿಡ್ತೀವ್ರಿ."

ನನಗೆ ಆಗ ಗೊತ್ತಾಯಿತು. ನಮ್ಮ ಖಾಲಿ ಎಂದರೆ ಮಾಲು ಇಲ್ಲ, ಮನುಷ್ಯರು ಒಳಗೆ ಹೋಗಬಹುದು. ನಿಮ್ಮ ಖಾಲಿ ಎಂದರೆ ಮನುಷ್ಯರು ಇಲ್ಲ, ಯಂತ್ರ ಶುರು ಮಾಡಬಹುದು.

ಇನ್ನು ಸಾಹುಕಾರರ ಮಾತು. ವರದಿ ಬರೆಸಿ ಇಟ್ಟಿದ್ದಾರೆ. ತಪ್ಪು ಸೊಹೇಲ್‌ನದು, ಅವನನ್ನು ಕೆಲಸದಿಂದ ತೆಗೆದಿದೆ, ಏಕೀಕೃತ ವ್ಯವಸ್ಥೆಯಲ್ಲಿ ಯಾವ ಲೋಪವೂ ಇಲ್ಲ. ಹೀಗೆಂದರೆ ಪ್ರಮಾಣಪತ್ರ ಉಳಿಯುತ್ತದೆ. ಅದಕ್ಕೆ ನಮ್ಮಿಬ್ಬರ ಸಹಿ ಬೇಕು. ಪೆಟ್ಟು ತಿಂದವರ ಮಗಳೇ ಒಪ್ಪಿದರೆ ಬೇರೆ ಯಾರು ಬಾಯಿ ತೆರೆಯುತ್ತಾರೆ? ನೀನು ಸಹಿ ಮಾಡಿದರೆ ಹುದ್ದೆ ನಿನ್ನದು ಎಂದಿದ್ದಾರೆ.

ನಾನು ಮಾಡಿದ್ದೇನೆ. ನೀನೂ ಮಾಡು. ಹುದ್ದೆ ತೆಗೆದುಕೊ, ತಾಯಿಯನ್ನು ಬಿಡಿಸಿಕೊ. ನಾನು ಅಡ್ಡ ಬರುವುದಿಲ್ಲ.

ಅಂಜನಾ


ಕಲಬುರಗಿ, ಅವ್ವನ ಮನೆ
2 ಫೆಬ್ರವರಿ 2025

ಅಂಜನಾ,

ವರದಿ ಓದಿದೆ. ಭಾಷೆ ಬಹಳ ಶುದ್ಧವಾಗಿದೆ. ಅದರಲ್ಲಿ ನನ್ನ ಅವ್ವ ಇಲ್ಲ, 'ಸ್ವಚ್ಛತಾ ಸಿಬ್ಬಂದಿ' ಇದೆ. ಭುಜ ಮುರಿದಿಲ್ಲ, 'ಅಲ್ಪ ಪ್ರಮಾಣದ ಗಾಯ' ಆಗಿದೆ. ಹೆಸರು ಹಿಡಿದು ಬರೆದಿರುವುದು ಸೊಹೇಲ್ ಒಬ್ಬನದೇ. ನೀನು ಇದಕ್ಕೆ ಸಹಿ ಮಾಡಿದೆ. ಥೂ.

ಇಷ್ಟು ಬೈದು ಮುಗಿಸಿದ್ದರೆ ನನಗೆ ಹಾಯಾಗಿರುತ್ತಿತ್ತು. ಆದರೆ ಸುಳ್ಳು ಹೇಳುವುದಿಲ್ಲ, ನಾನೂ ಪೆನ್ನು ತೆಗೆದೆ. ಅವ್ವನಿಗೆ ಎಡಗೈ ಎತ್ತಲು ಬರುವುದಿಲ್ಲ. ತಲೆ ನಾನೇ ಬಾಚುತ್ತಿದ್ದೇನೆ. ಬಾಚುವಾಗ ಈಗಲೂ ಕೂದಲೊಳಗೆ ಧೂಳು ಸಿಗುತ್ತದೆ. ಒಂದು ಸಹಿ ಮಾಡಿದರೆ ಈಕೆ ಮತ್ತೆ ಆ ಟಾಕಿಯ ಬಾಗಿಲು ನೋಡಬೇಕಿಲ್ಲ ಎಂದು ಮನಸ್ಸು ಹೇಳಿತು. ಸೊಹೇಲ್‌ಗೆ ಬೇರೆ ಎಲ್ಲಾದರೂ ಕೆಲಸ ಸಿಗುತ್ತದೆ ಎಂದೂ ಹೇಳಿತು. ಮನಸ್ಸಿಗೇನು, ಬೇಕಾದ್ದು ಹೇಳುತ್ತದೆ.

ಅಷ್ಟರಲ್ಲಿ ಅವನೇ ಹೆಂಡತಿ ನೂರಜಹಾನಳನ್ನು ಕರೆದುಕೊಂಡು ಬಂದ. ಒಳಗೆ ಬರಲಿಲ್ಲ, ಹೊಸ್ತಿಲಾಚೆ ನಿಂತ. ನೂರಜಹಾನ್ ಬಂದು ಅವ್ವನ ಕಾಲ ಹತ್ತಿರ ಕೂತು ಅತ್ತಳು. ಅವ್ವ, "ಯಾಕ ಅಳ್ತಿ, ನಾ ಸತ್ತೀನೇನ?" ಎಂದು ರೇಗಿದಳು. ನಾನು ಹೊರಗೆ ಹೋಗಿ ಸೊಹೇಲ್‌ಗೆ ನಾಲ್ಕು ಮಾತು ಅನ್ನಬೇಕೆಂದು ಬಾಯಿ ತೆರೆದೆ. ಅವನು ನನ್ನನ್ನು ಬೈಯಲಿಲ್ಲ, ಬೇಡಿಕೊಳ್ಳಲೂ ಇಲ್ಲ. "ಅಕ್ಕೋರೆ, ನೀವು ಕಲಿಸಿದ್ದೇ ಮಾಡೀನ್ರಿ" ಎಂದ.

ನಾನು ಒಳಗೆ ಬಂದು ಪೆನ್ನಿಗೆ ಮುಚ್ಚಳ ಹಾಕಿದೆ.

ಅಂಜನಾ, ನಾವು ಬಣ್ಣಕ್ಕೆ ಜಗಳವಾಡಿದೆವು, ಸಹಿಗೆ ಜಗಳವಾಡಿದೆವು. ದೋಷವೋ ಅಪಾಯವೋ ಎಂದು ಊಟ ಬಿಟ್ಟು ಕಿತ್ತಾಡಿದೆವು. ಅದೊಂದು ಪದಕ್ಕೆ ಮಾತ್ರ ಜಗಳವಾಡಲಿಲ್ಲ. ನಿನ್ನಲ್ಲಿ ಖಾಲಿ ಎಂದರೆ ಏನು ಎಂದು ನಾನು ಒಂದು ಮಾತು ಕೇಳಲಿಲ್ಲ. ಕೇಳಿದರೆ ನಿನಗೆ ಏನೋ ತಿಳಿದಿದೆ ಎಂದು ಒಪ್ಪಿಕೊಂಡ ಹಾಗಾಗುತ್ತಿತ್ತು. ಅಷ್ಟು ಬಗ್ಗಲು ನನಗಾಗಲಿಲ್ಲ. ನಿನಗೂ ಆಗಲಿಲ್ಲ. ನಮ್ಮ ಕೊಬ್ಬಿಗೆ ಅವ್ವನ ಭುಜ ಹೋಯಿತು. ನೀನು ಕೂಗು ನಿಲ್ಲಿಸಿದೆ. ಯಾರನ್ನೂ ಕೇಳದವನನ್ನು ತಯಾರು ಮಾಡಿ ನಾನು ಕಳಿಸಿದೆ. ಆ ದಡ್ಡ ಸಾಯಿಕುಮಾರನನ್ನು ಎಷ್ಟು ಹೀಯಾಳಿಸಿದರೂ ಬರೀ ಅವನಿಂದ ಇದು ಆಗುತ್ತಿರಲಿಲ್ಲ, ನಾವಿಬ್ಬರೂ ಬೇಕಾಗಿತ್ತು.

ಬೇರೆ ವರದಿ ಬರೆದು ಇದರೊಂದಿಗೆ ಇಟ್ಟಿದ್ದೇನೆ. ಅದರಲ್ಲಿ ನನ್ನ ಹೆಸರಿದೆ, ನಿನ್ನ ಹೆಸರಿದೆ, ಅವ್ವನ ಹೆಸರಿದೆ. ಸೊಹೇಲ್‌ನ ತಪ್ಪಿಲ್ಲ ಎಂದಿದೆ. ಇದು ಸಾಹುಕಾರರ ಕೈಗೆ ಹೋದರೆ ಹುದ್ದೆ ನನಗಿಲ್ಲ. ಅವ್ವನನ್ನು ಬಿಡಿಸುವ ದಾರಿಯೂ ಮುಚ್ಚಿತು. ಆ ಹುದ್ದೆ ನನಗೆ ಈಗಲೂ ಬೇಕು, ದೊಡ್ಡ ಮನಸ್ಸಿನವಳ ಹಾಗೆ ನಟಿಸುವುದಿಲ್ಲ. ನನ್ನ ಸಹಿ ಮಾಡಿದ್ದೇನೆ. ಕೆಳಗೆ ಜಾಗ ಬಿಟ್ಟಿದ್ದೇನೆ. ನೀನು ಮಾಡುತ್ತೀ ಎಂಬ ನಂಬಿಕೆ ಏನೂ ಇಲ್ಲ.

ಕಾವೇರಿ


ಕಲಬುರಗಿ
3 ಏಪ್ರಿಲ್ 2025

ಕಾವೇರಿ,

ನಿನ್ನ ವರದಿಯಲ್ಲಿ ಎರಡು ಕಡೆ ಕಾಗುಣಿತ ತಪ್ಪಿತ್ತು. ತಿದ್ದಿ, ಸಹಿ ಮಾಡಿ, ಫೆಬ್ರವರಿಯಲ್ಲೇ ಸಾಹುಕಾರರ ಕೈಗೆ ಕೊಟ್ಟೆ. ಮೊದಲಿನ ನನ್ನ ಸಹಿ ವಾಪಸು ಎಂದೆ. ಅದು ನಿನಗೆ ಗೊತ್ತಾಗಿರಬೇಕು, ನಿನ್ನನ್ನು ಕಮಲಾಪುರದಲ್ಲಿ ಗೊನೆ ಎಣಿಸಲು ಕೂರಿಸಿದಾಗಲೇ. ನನ್ನನ್ನು ಇಲ್ಲಿ ಕಸ ಗುಡಿಸುವವರ ಮೇಲೆ ನಿಗಾ ಇಡಲು ಹಾಕಿದ್ದಾರೆ. ಪ್ರಮಾಣಪತ್ರ ಕೈತಪ್ಪಿತು, ಕೂಡಿಸಿದ ವ್ಯವಸ್ಥೆಯನ್ನೇ ಬಿಟ್ಟರು. "ಸಿಸ್ಟಮ್ಮೇ ಇಲ್ಲ ಅಂದಮ್ಯಾಲ ಸಿಸ್ಟಮ್ ಮೇಡಮ್ಮೋರು ಯಾಕ ಬೇಕ?" ಎಂದರು ಸಾಹುಕಾರರು. ಅವರ ಬಾಯಿಂದ ಬಂದ ಮೊದಲ ಸರಿಯಾದ ಮಾತು. ಸಾಯಿಕುಮಾರ ಫೋನ್ ಎತ್ತುವುದಿಲ್ಲ. ಯಾವ ಊರಿನಲ್ಲಿ ದುಂಡು ಸರಿಸುತ್ತಿದ್ದಾನೋ.

ಸೊಹೇಲ್‌ನನ್ನು ಕೆಲಸಕ್ಕೆ ವಾಪಸು ತೆಗೆದುಕೊಂಡಿದ್ದಾರೆ. ನನ್ನ ಮನೆಯಲ್ಲಿ ನೌಕರಿ ಬಿಡು ಎನ್ನುತ್ತಾರೆ. ಬಿಡುವುದಿಲ್ಲ. ನಿನ್ನ ಮೇಲಿನ ಸಿಟ್ಟೂ ಹೋಗಿಲ್ಲ. ನೀನು ಬರೆದದ್ದೆಲ್ಲ ನಿಜ, ಆದರೆ ನಿಜವನ್ನೂ ನೀನು ಕಲ್ಲು ಬೀಸಿದ ಹಾಗೆಯೇ ಹೇಳುತ್ತೀ.

ಒಂದು ಸಂಗತಿ ನಿನಗೆ ಹೇಳಬಾರದೆಂದು ನಿನ್ನ ತಾಯಿಯವರು ನನ್ನಿಂದ ಆಣೆ ಮಾಡಿಸಿಕೊಂಡಿದ್ದಾರೆ. ಹೇಳುತ್ತಿದ್ದೇನೆ. ಅವರು ಮನೆಯಲ್ಲಿ ಮಲಗಿಲ್ಲ. ಸೋಮವಾರದಿಂದ ಕೆಲಸಕ್ಕೆ ಬರುತ್ತಿದ್ದಾರೆ. ಟಾಕಿ ಬೇಡ, ಕಾಳು ಆರಿಸುವ ಕಡೆ ಕೂರಿ ಎಂದೆ. "ಆರಿಸಾಕ ಎರಡೂ ಕೈ ಬೇಕವ್ವ. ಕಸಬರಿಗಿ ಹಿಡ್ಯಾಕ ಒಂದು ಕೈ ಸಾಕು" ಎಂದರು. ಮಗಳ ಸಂಬಳ ಕಡಿಮೆಯಾಗಿದೆ ಎಂದೂ ಹೇಳಿದರು, ನನ್ನ ಮುಖ ನೋಡದೆ. ಜಗಳವಾಡಲು ಬಂದರೆ ಬಾ. ನಾನು ಎದುರು ಮಾತಾಡುವುದಿಲ್ಲ.

ಇದನ್ನು ಮೂರನೆಯ ಟಾಕಿಯ ಸ್ವಿಚ್ಚಿನ ಪಕ್ಕ ಸ್ಟೂಲ್ ಹಾಕಿಕೊಂಡು, ಮೊಣಕಾಲ ಮೇಲೆ ಕಾಗದ ಇಟ್ಟು ಬರೆಯುತ್ತಿದ್ದೇನೆ. ಅವರು ಸೆರಗು ಸಿಕ್ಕಿಸಿಕೊಂಡು ಬಾಗಿಲಿಗೆ ಬಂದರು, ಇಳಿಯುತ್ತಿದ್ದಾರೆ. ಇಲ್ಲಿಗೆ ನಿಲ್ಲಿಸಬೇಕು. ಅವರು ಒಳಗಿರುವಾಗ ನಾನು ಬೇರೆ ಯಾವ ಕೆಲಸವನ್ನೂ ಮಾಡುವುದಿಲ್ಲ.

ಅಂಜನಾ